ಮೊಸರನ್ನದೊಳಗಿನ ಗುಳಿಗೆ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು ವ್ಯಾಪಾರದ ನೆಪ, ಆಮೇಲೆ ಮಂಡಿನೋವಿನ ನೆಪ. ಈಗ ಹೊಸ ನೆಪ ಹುಟ್ಟುತ್ತಿಲ್ಲ. ನನ್ನ ಸೊಸೆಯ ಎಡಗೈ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತಿದೆ. ರೊಟ್ಟಿ ಬಡಿಯುವಾಗ ಜೋಳದ ಹಿಟ್ಟು ಅದರೊಳಗೆ ಕೂತು ಬೆಳ್ಳಗೆ ಕಾಣುತ್ತದೆ. ಕಚ್ಚಿದವನು ಅವಳ ಮಗ. ಕಚ್ಚಿಸಿದವನು ನಾನು.

ಹಿಟ್ನಾಳದ ಹೆದ್ದಾರಿ ಬದಿಗೆ ನಮ್ಮದೊಂದು ಖಾನಾವಳಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗಿಯ ದೇವಿ ಗುಡಿಗೆ ಹೋಗಿಬರುವವರಿಂದ ತುಂಬಿಕೊಳ್ಳುತ್ತದೆ. ಮಗ ಗಂಗಾವತಿಯಿಂದ ಅಕ್ಕಿ ಲಾರಿ ಓಡಿಸುತ್ತಾನೆ, ಮನೆಗಿಂತ ದಾರಿಯಲ್ಲೇ ಹೆಚ್ಚು. ಗಲ್ಲಾದ ಮೇಲೆ ನಾನು, ಒಲೆಯ ಮುಂದೆ ಸೊಸೆ. ಯಲಬುರ್ಗಾ ಕಡೆಯವಳು. ಕುಳ್ಳಿ, ಬಾಯಿ ಜೋರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳೆಂದರೆ ಹಂಚಿನ ಮೇಲೊಂದು, ಹಲಗೆಯ ಮೇಲೊಂದು, ರೊಟ್ಟಿಗೆ ಬಿಡುವಿಲ್ಲ.

ಅವಳ ಪಕ್ಕದಲ್ಲಿ ಅವಳ ಮಗ. ಅವನಿಗೆ ಮಾತಿಲ್ಲ. ಹುಬ್ಬಳ್ಳಿಯ ಡಾಕ್ಟರು ಆಟಿಸಂ ಅಂದಿದ್ದರು. ತಾಟೊಂದನ್ನು ಬೋರಲು ಹಾಕಿಕೊಂಡು ತಾಯಿಯ ಕೈಯನ್ನೇ ನೋಡುತ್ತಿದ್ದ. ಅವಳು ರೊಟ್ಟಿ ಬಡಿಯುತ್ತ ಬಡಿಯುತ್ತ ಕೊನೆಯ ಪೆಟ್ಟಿಗೆ ಮೊದಲು ಕೈ ತಡೆಯುವಳು. ಆ ಪೆಟ್ಟನ್ನು ಅವನು ತಾಟಿನ ಮೇಲೆ ಹಾಕುವನು. ಆಮೇಲೆಯೇ ರೊಟ್ಟಿ ಹಂಚಿಗೆ. ಅವಳು ತಾಳ ಬದಲಿಸಿದರೂ ಅವನು ಒಮ್ಮೆಯೂ ತಪ್ಪಿದ್ದಿಲ್ಲ. ಊಟಕ್ಕೆ ಬಂದವರು ಯಾರಾದರೂ "ಪಾಪ, ಮಾತು ಬರಂಗಿಲ್ಲೇನು?" ಎಂದರೆ ಅವಳು ತಲೆ ಎತ್ತದೆ ಹೇಳುವಳು: "ಬರ್ತಾವ್ರಿ. ನಿಮಗ ಕೇಳಂಗಿಲ್ಲ, ಅಷ್ಟ."

ಆ 'ಪಾಪ' ಎನ್ನುವ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಪಾಪ ಅಂದವರೇ ತಾಯತ ತಂದರು. ಪಾಪ ಅಂದವರೇ ನಾಲ್ಕು ಬಿಗಿದರೆ ಸರಿಹೋಗುತ್ತಾನೆ ಎಂದರು. ಅವರ ನಡುವೆ ನಾನೂ ಒಬ್ಬ.

ಹತ್ತು ವರ್ಷದ ಸುಮಾರಿಗೆ ಅವನು ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳತೊಡಗಿದ. ನಿದ್ದೆ ಹೋಯಿತು. ಆಟಿಸಂಗೆ ಅಂತ ಗುಳಿಗೆ ಇಲ್ಲ, ಆದರೆ ಈ ಕಚ್ಚಿಕೊಳ್ಳುವುದಕ್ಕೆ ಒಂದು ಕೊಟ್ಟು ನೋಡಬಹುದು ಎಂದರು ಡಾಕ್ಟರು. ನನ್ನ ಮಗ ಫೋನಿನಲ್ಲಿ ಬೇಡವೇ ಬೇಡ ಎಂದ. ಅಂಥ ಗುಳಿಗೆ ತಿಂದ ಹುಡುಗರು ಮಂಕಾಗುತ್ತಾರಂತೆ, ಬಿಡಲಿಕ್ಕೂ ಬರುವುದಿಲ್ಲವಂತೆ ಎಂದು ಲಾರಿಯವರು ಯಾರೋ ಹೇಳಿದ್ದರು. ಸೊಸೆಗೂ ಅದೇ ಹೆದರಿಕೆ. ಆದರೆ ಅವಳು ಹೆದರಿಕೆಯನ್ನು ಡಾಕ್ಟರ ಮುಂದೆಯೇ ಇಟ್ಟಳು. ಇದು ಏನು ಕೊಡುತ್ತದೆ, ಏನು ಕಸಿದುಕೊಳ್ಳುತ್ತದೆ, ಸಾಕು ಅಂತ ನನಗೆ ಹೇಗೆ ತಿಳಿಯಬೇಕು ಎಂದು ಕೇಳಿದಳು. ಡಾಕ್ಟರು ಬೇಸರಿಸಲಿಲ್ಲ. ಮೈ ದಪ್ಪವಾಗಬಹುದು, ತೂಕಡಿಕೆ ಬರಬಹುದು, ಅವನನ್ನು ಚೆನ್ನಾಗಿ ಬಲ್ಲವಳು ನೀನು, ನೋಡುತ್ತಿರು ಎಂದರು. ರಾತ್ರಿಗೆ ಅರ್ಧ ಗುಳಿಗೆ ಶುರುವಾಯಿತು.

ಕೆಲವು ವಾರಗಳಾದ ಮೇಲೆ ಒಂದು ದಿನ ರೊಟ್ಟಿ ಮಗುಚುತ್ತ ನನಗೆ ಹೇಳಿದಳು: "ಕಡ್ಕೊಳ್ಳೋದು ನಿಂತೈತಿ, ತಾಳ ನಿಂತಿಲ್ಲ. ಅಷ್ಟ ಸಾಕ್ರಿ, ಮಾವಾರ."

ನನಗೆ ಸಾಕಾಗಲಿಲ್ಲ.

ಒಂದು ಶುಕ್ರವಾರ ಖಾನಾವಳಿ ತುಂಬಿತ್ತು. ತಾಟಿನ ಸದ್ದು ಕೇಳಿ ಗಿರಾಕಿಯೊಬ್ಬ ಕೈ ತೊಳೆಯುತ್ತ, "ಯಜಮಾನ್ರ, ಊಟಕ್ಕ ಬಂದೇವೋ ಭಜನಿಗೆ ಬಂದೇವೋ?" ಎಂದ. ಒಳಗಿನಿಂದ ಸೊಸೆ, "ಭಜನಿಗೆ ಬ್ಯಾರೆ ರೊಕ್ಕ ಇಲ್ರಿ, ಕುಂತು ಉಣ್ರಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಕುದಿಯುತ್ತಿದ್ದೆ. ಗುಳಿಗೆ ತರುವ ಕೆಲಸ ನನ್ನದೇ ಆಗಿತ್ತು. ಕೊಪ್ಪಳದ ಮೆಡಿಕಲ್ ಅಂಗಡಿಯಲ್ಲಿ ಒಂದು ಸ್ಟ್ರಿಪ್ ಕಳೆದುಹೋಯಿತೆಂದು ಸುಳ್ಳು ಹೇಳಿ ಇನ್ನೊಂದು ತಂದೆ. ಮಧ್ಯಾಹ್ನ ಅವನ ಮೊಸರನ್ನದಲ್ಲಿ ಪುಡಿ ಮಾಡಿ ಕಲಸಿದೆ. ಮೊದಲು ಗದ್ದಲದ ದಿನ ಮಾತ್ರ, ಆಮೇಲೆ ದಿನಾಲೂ.

ಹುಡುಗ ಗೋಡೆಗೆ ಒರಗಿದ. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಸೊಸೆ ಬಡಿದು ಕೈ ತಡೆಯುವಳು, ಕಾಯುವಳು, ಅವನ ಮುಖ ನೋಡುವಳು, ಆ ಕೊನೆಯ ಪೆಟ್ಟನ್ನೂ ತಾನೇ ಹಾಕಿಕೊಳ್ಳುವಳು. ನಾನು ಗಲ್ಲಾದಿಂದ ಎಲ್ಲ ನೋಡುತ್ತಿದ್ದೆ. ಗಿರಾಕಿಗಳು ನೆಮ್ಮದಿಯಾಗಿ ಉಂಡು ಹೋಗುತ್ತಿದ್ದರು. ನನಗೂ ಅದು ನೆಮ್ಮದಿ ಅನ್ನಿಸಿತ್ತು. ಥೂ.

ಮಂಕಾದ ಮಗನನ್ನು ಕರೆದುಕೊಂಡು ಅವಳು ಹುಬ್ಬಳ್ಳಿಗೆ ಹೊರಟಾಗ ಜೊತೆಗೆ ಹೋದವನೂ ನಾನೇ. ಬೇರೆ ಯಾವುದಾದರೂ ಔಷಧ ಯಾರಾದರೂ ಕೊಡುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು. "ನನ್ನ ಕೈ ಬಿಟ್ಟು ಬ್ಯಾರೆ ಕೈ ಇಲ್ರಿ" ಎಂದಳು. ಪಕ್ಕದ ಕುರ್ಚಿಯಲ್ಲಿ ಕೂತು ನಾನು ಫ್ಯಾನು ನೋಡುತ್ತಿದ್ದೆ. ಹಾಗಾದರೆ ಈ ಅರ್ಧವೇ ಅವನಿಗೆ ಹೆಚ್ಚಾಗಿರಬೇಕು, ಅದನ್ನೂ ಮೆಲ್ಲಗೆ ಇಳಿಸಿ ನಿಲ್ಲಿಸಿ ನೋಡೋಣ ಎಂದರು. ಬಸ್ಸಿನಲ್ಲಿ ಅವಳು, ನನ್ನ ಕೈಯಾರೆ ತಿನ್ನಿಸಿ ಮಗನನ್ನು ಹೀಗೆ ಮಾಡಿದೆ ಎಂದು ಅತ್ತಳು. ಇಳಿದ ಮೇಲೆ ಚಹಾ ಕೊಡಿಸಿದೆ.

ಹೆದರಿ ನನ್ನ ಕಳ್ಳ ಗುಳಿಗೆ ನಿಲ್ಲಿಸಿದೆ. ಅವಳು ಕೊಡುತ್ತಿದ್ದ ಅರ್ಧವೂ ನಿಂತಿತು. ಕಚ್ಚಿಕೊಳ್ಳುವುದು ಮೊದಲಿಗಿಂತ ಕೆಟ್ಟದಾಗಿ ತಿರುಗಿ ಬಂತು. ಒಂದು ಸಂಜೆ ಅವನು ತನ್ನ ಕೈಯಿಂದ ರಕ್ತ ತೆಗೆಯುತ್ತಿದ್ದಾಗ ಅವಳು ಅವನ ಹಲ್ಲಿನ ನಡುವೆ ತನ್ನ ಮಣಿಕಟ್ಟು ಕೊಟ್ಟಳು. ಆ ಗುರುತೇ ಇದು.

ಅದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ಮುಂದಿನ ಹುಣ್ಣಿಮೆಗೆ ಜನವೋ ಜನ. ಹುಡುಗ ಚೀರುತ್ತಿದ್ದ. ನಾನು ಉಳಿದ ಸ್ಟ್ರಿಪ್ ಹುಡುಕಿದೆ. ಅವಸರದಲ್ಲಿ ಪುಡಿ ಮಾಡಲಿಲ್ಲ, ಇಡಿಯ ಗುಳಿಗೆಯನ್ನೇ ಅನ್ನದೊಳಗೆ ತುರುಕಿ ಅವನ ಮುಂದೆ ಇಟ್ಟೆ. ಅವನು ಬೆರಳು ಹಾಕಿ ಕೆದಕಿದ. ಗುಳಿಗೆ ತೆಗೆದು ಅಂಗಿಗೆ ಒರೆಸಿ, ತಾಯಿ ಬಡಿಯುತ್ತಿದ್ದ ರೊಟ್ಟಿಯ ನಡುಮಧ್ಯೆ ಇಟ್ಟ. ಅವನು ಏನನ್ನು ತೋರಿಸಬೇಕಾದರೂ ತಾಯಿಯ ಕೈಯಿಂದಲೇ ತೋರಿಸುವವನು. ಹಿಟ್ಟು ಮೆತ್ತಿದ ಅವಳ ಕೈ ಹಿಡಿದು ಗಲ್ಲಾದ ಕಡೆಗೆ, ನನ್ನ ಕಡೆಗೆ ಚಾಚಿದ.

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಅವಳು ಎದ್ದು ಬಂದಳು.

"ಈ ಗುಳಿಗಿ ಯಾರ ಜಡ್ಡಿಗ್ರಿ, ಮಾವಾರ? ಅವಂದೋ, ನಿಮ್ಮ ಗಿರಾಕಿದೋ?"

ನಾನು ಆಗ ಹೇಳಿದ ಮಾತನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ. "ಅವಗೇನ್ ತಿಳೀತೈತಿ ಬಿಡವ್ವಾ" ಎಂದೆ.

"ಅವಗ ತಿಳೀತು. ತಿಳೀದಾಕಿ ನಾನು" ಎಂದಳು. "ಅವನ್ನ ನೋಡಿ ನೋಡಿ ನಾ ಔಷಧ ತೂಗತಿದ್ದೆ. ನೀವು ನನ್ನ ತಕ್ಕಡ್ಯಾಗ ಕಲ್ಲು ಇಟ್ರಿ."

ಮರುದಿನವೇ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದು ಡಾಕ್ಟರ ಮುಂದೆ ನನ್ನ ಬಾಯಿಂದಲೇ ಹೇಳಿಸಿದಳು. ಅರ್ಧ ಗುಳಿಗೆ ಮತ್ತೆ ಶುರುವಾಯಿತು. ಕಚ್ಚುವುದು ನಿಂತಿತು, ತಾಟು ಮತ್ತೆ ಉತ್ತರ ಕೊಡತೊಡಗಿತು. ಮಗ ನನ್ನೊಡನೆ ಒಂದು ಮಳೆಗಾಲ ಪೂರ್ತಿ ಮಾತು ಬಿಟ್ಟಿದ್ದ. ಸೊಸೆ ಬಿಡಲಿಲ್ಲ. ಇವತ್ತಿಗೂ ಬಿಸಿ ರೊಟ್ಟಿ ಮೊದಲು ನನ್ನ ತಾಟಿಗೇ ಬೀಳುತ್ತದೆ. ಬೈದಿದ್ದರೆ ನುಂಗಬಹುದಿತ್ತು. ಈ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ಬಹಳ ದಿನಗಳ ಮೇಲೆ ಒಲೆಯ ಹತ್ತಿರ ನಿಂತು, ತಪ್ಪಾಯಿತು ಎಂದೆ. ಅವಳು ತಿರುಗಲಿಲ್ಲ.

"ನನಗ್ಯಾಕ ಕೇಳ್ತೀರಿ? ತಿಂದಾಕಿ ನಾನಲ್ಲ. ಅಲ್ಲಿ ಕುಂತಾನ, ನೋಡ್ರಿ."

ನೋಡಿದೆ. ಹತ್ತಿರ ಹೋಗಲಿಲ್ಲ. ಅವನಿಗೆ ಏನು ಹೇಳಿದರೇನು, ಏನು ತಿಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ತಿಳಿಯುತ್ತದೆ ಎಂದೇ ಹೆದರಿದ್ದೆ.

ಈಗ ಅವನಿಗೆ ಮೀಸೆ ಬಂದಿದೆ. ತಾಟು ಮುಂದೆ ಬಂದ ಕೂಡಲೇ ತೋರುಬೆರಳಿನಿಂದ ಅನ್ನವನ್ನು ಮೂಲೆಮೂಲೆ ಕೆದಕುತ್ತಾನೆ. ತಾಯಿ ಬಡಿಸಿದ ಅನ್ನವನ್ನೂ ಕೆದಕುತ್ತಾನೆ. ಅವಳು ಮಣಿಕಟ್ಟು ಸವರಿಕೊಳ್ಳುತ್ತ, ಅವನು ಮುಗಿಸುವ ತನಕ ಕಾಯುತ್ತಾಳೆ. ನಾನು ಎದುರಿಗೇ ಕೂತಿರುತ್ತೇನೆ. ಸೊಸೆಯ ಮುಂದೆ, ಮಗನ ಮುಂದೆ, ಡಾಕ್ಟರ ಮುಂದೆ ತಲೆ ತಗ್ಗಿಸಿದ್ದೇನೆ. ಕ್ಷಮೆ ಕೇಳದೆ ಉಳಿದಿರುವುದು ಒಬ್ಬನನ್ನೇ, ಆ ಬೆರಳಿನವನನ್ನು, ನನ್ನ ಮೊಮ್ಮಗನನ್ನು.