ಗ್ರ್ಯಾಂಡ್ ಎನ್ನುವವರ ಊರಿನಲ್ಲಿ

ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದ ಮುದುಕರೊಬ್ಬರ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಹಣೆಯ ಮೇಲೆಲ್ಲ ಬೆವರು. ಹೇಗಿದ್ದೀರಿ ಎಂದು ಕೇಳಿದೆ. “ಗ್ರ್ಯಾಂಡ್, ಡಾಕ್ಟರ್. ಗ್ರ್ಯಾಂಡ್” ಎಂದರು.

ಐರ್ಲೆಂಡಿನ ಲಿಮೆರಿಕ್ ಊರಿನ ಆಸ್ಪತ್ರೆಯಲ್ಲಿ ಅದು ನನ್ನ ಮೊದಲ ವಾರ. ನಮ್ಮ ಚಿತ್ರದುರ್ಗದಲ್ಲಿ ಗ್ರ್ಯಾಂಡ್ ಅಂದರೆ ಮದುವೆ: ರೇಷ್ಮೆ ಸೀರೆ, ವಾಲಗ, ಎಲೆ ತುಂಬ ಊಟ. ಈ ಮನುಷ್ಯನಲ್ಲಿ ಗ್ರ್ಯಾಂಡಾಗಿರುವುದು ಯಾವುದು ಎಂದು ತಿಳಿಯದೆ ನಿಂತೆ. ಕಾಲನ್ನು ಮೆಲ್ಲಗೆ ಮುಟ್ಟಿದಾಗ ಅವರು ಮಂಚದ ಕಂಬಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದುಕೊಂಡು, “ಒಂಚೂರು ನೋವಿದೆ, ಅಷ್ಟೇ” ಎಂದರು.

ಊರಲ್ಲಿ ನಾನು ಕೆಲಸ ಮಾಡುತ್ತಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಮುಳ್ಳು ಚುಚ್ಚಿದವರೂ “ಸತ್ತೇ ಹೋಗ್ತೀನಿ ಡಾಕ್ಟ್ರೇ” ಎಂದು ಕೂಗುತ್ತಿದ್ದರು. ಹಿಂದೆ ಬಂದ ನೆಂಟರು ಇನ್ನೂ ಜೋರಾಗಿ ಕೂಗುತ್ತಿದ್ದರು. ಹೇಳಿದ್ದರಲ್ಲಿ ಅರ್ಧ ಕಳೆದು ನೋವನ್ನು ಅಳೆಯುವುದು ನನಗೆ ರೂಢಿಯಾಗಿತ್ತು. ಇಲ್ಲಿ ಗ್ರ್ಯಾಂಡ್ ಎಂದರೆ ಬರೀ ‘ಚೆನ್ನಾಗಿದ್ದೇನೆ’ ಎಂದರ್ಥ, ನೋವಿದ್ದರೂ ಅದೇ ಮಾತು; ಹೇಳಿದ್ದಕ್ಕೆ ಎರಡರಷ್ಟು ಸೇರಿಸಿಕೊಳ್ಳಬೇಕು. ಇಂಗ್ಲಿಷ್ ಬಲ್ಲೆನೆಂದು ಧೈರ್ಯವಾಗಿ ವಿಮಾನ ಹತ್ತಿ ಬಂದವಳಿಗೆ, ಬಲ್ಲ ಭಾಷೆಯನ್ನೇ ಮತ್ತೆ ಮೊದಲಿಂದ ಕಲಿಯಬೇಕಾಯಿತು.

ಅದಕ್ಕೆ ಮೊದಲು ಮನೆ ಹುಡುಕಬೇಕಿತ್ತು. ಈ ದೇಶದಲ್ಲಿ ಕೆಲಸ ಸಿಗುವುದಕ್ಕಿಂತ ಬಾಡಿಗೆ ಮನೆ ಸಿಗುವುದು ಕಷ್ಟ. ಖಾಲಿಯಾದ ಮನೆಯನ್ನು ತೋರಿಸುವ ದಿನ ಬಾಗಿಲಿನಿಂದ ಬೀದಿಯವರೆಗೂ ಸಾಲು ನಿಂತಿರುತ್ತದೆ. ಎಲ್ಲರೂ ಒಳ್ಳೆಯ ಬಟ್ಟೆ ತೊಟ್ಟು, ಮುಖದ ಮೇಲೊಂದು ನಗು ಅಂಟಿಸಿಕೊಂಡು ಬಂದಿರುತ್ತಾರೆ. “ಇದು ಹೆಣ್ಣು ನೋಡೋ ಶಾಸ್ತ್ರ ಕಣೇ. ಮನೇನೇ ಗಂಡು, ನಾವೆಲ್ಲ ಹೆಣ್ಣುಗಳು” ಎಂದ ನನ್ನ ಗಂಡ ಗಿರೀಶ. ಎಷ್ಟೋ ಗಂಡುಗಳು ನಮ್ಮನ್ನು ಒಲ್ಲೆವೆಂದ ಮೇಲೆ, ಊರಾಚೆಯ ಬಡಾವಣೆಯೊಂದರಲ್ಲಿ ಒಂದು ಮನೆ ಒಪ್ಪಿತು. ಎರಡು ಮನೆಗಳು ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತಂಥ ಕಟ್ಟಡ. ಗೋಡೆಯ ಆಚೆ ನೋರಾ ಇದ್ದರು.

ಎಪ್ಪತ್ತು ದಾಟಿದ ಒಂಟಿ ಹೆಂಗಸು. ಶ್ವಾಸಕೋಶ ಸೋತಿದ್ದರಿಂದ, ಗಾಳಿಯಿಂದ ಆಮ್ಲಜನಕ ಹೀರಿಕೊಡುವ ಯಂತ್ರವೊಂದರ ಕೊಳವೆ ಹೆಚ್ಚು ಹೊತ್ತು ಅವರ ಮೂಗಿಗಿರುತ್ತಿತ್ತು. ಅದರ ಗುಂಯ್‌ ಸದ್ದು ಗೋಡೆಯ ಮೂಲಕ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನಾನು ಅವರನ್ನು “ಆಂಟಿ” ಎಂದಾಗ ನಕ್ಕುಬಿಟ್ಟರು. “ನಾನು ಯಾರ ಆಂಟಿಯೂ ಅಲ್ಲ, ಲವ್. ನೋರಾ ಅನ್ನು.” ಲವ್, ಪೆಟ್ ಎಂದೇ ಅವರು ಅಕ್ಕರೆಯಿಂದ ಎಲ್ಲರನ್ನೂ ಕರೆಯುತ್ತಿದ್ದದ್ದು. ತಾಯಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಬಹಳ ದಿನ ಹಟ ಮಾಡಿತು. ನನ್ನ ಮಗಳು ನಿಧಿ ಮಾತ್ರ ಸುಲಭದ ದಾರಿ ಹಿಡಿದಳು, ನೋರಜ್ಜಿ ಎಂದಳು.

ನಾನು ಡ್ಯೂಟಿಯಲ್ಲಿದ್ದಾಗ ಮಳೆ ಬಂದರೆ ನಮ್ಮ ತಂತಿಯ ಮೇಲಿನ ಬಟ್ಟೆಗಳನ್ನು ನೋರಾ ಉಬ್ಬಸಪಡುತ್ತಲೇ ತೆಗೆದು, ಮಡಿಸಿ ಇಟ್ಟಿರುತ್ತಿದ್ದರು. ಅವರ ಮನೆಗೆ ಹೋದರೆ ಟೀ ಬೇಡವೆನ್ನುವಂತಿಲ್ಲ. ಮೊದಲ ಸಲ ಬೇಡವೆಂದರೆ ಅದು ಮರ್ಯಾದೆ. ಎರಡನೆಯ ಸಲವೂ ಬೇಡವೆನ್ನಬೇಕು. ಮೂರನೆಯ ಸಲಕ್ಕೆ ಟೀ ಕಪ್ ಕೈಯಲ್ಲಿರುತ್ತದೆ. ಇದನ್ನು ಮಾತ್ರ ನಾನು ಕಲಿಯಬೇಕಾಗಿರಲಿಲ್ಲ. “ಈಗಷ್ಟೇ ಕುಡ್ದು ಬಂದೆ ಕಣ್ರೀ” ಎನ್ನುತ್ತಲೇ ಲೋಟಕ್ಕೆ ಕೈಚಾಚುವ ಜನರ ನಡುವೆ ಬೆಳೆದವಳು ನಾನು.

ಗಾಜಿನ ಹಾಸಿನ ಕರೆಂಟ್ ಒಲೆ ಮಾತ್ರ ನನಗೆ ಒಗ್ಗಲೇ ಇಲ್ಲ. ಮುದ್ದೆ ತಿರುವಲು ಕೋಲು ಹಾಕಿದರೆ ಪಾತ್ರೆಯೇ ಬುಗುರಿಯಂತೆ ಸುತ್ತುತ್ತಿತ್ತು. ಕೊನೆಗೆ, ಡೇರೆ ಹಾಕಿ ತಂಗುವವರು ಕೊಂಡೊಯ್ಯುವಂಥ ಗ್ಯಾಸ್ ಒಲೆಯೊಂದನ್ನು ಗಿರೀಶ ತಂದು ಹಿತ್ತಲಿನ ಶೆಡ್ಡಿನಲ್ಲಿಟ್ಟ. ಹೊರಗೆ ಜಡಿಮಳೆ, ಶೆಡ್ಡಿನಲ್ಲಿ ರಾಗಿಯ ಘಮ. ಭಾನುವಾರಗಳು ಹಾಗೆ ನಮ್ಮವಾದವು.

ಮೂರನೆಯ ಚಳಿಗಾಲದಲ್ಲಿ ಬಿರುಗಾಳಿ ಬಂತು. ಬರುತ್ತದೆಂದು ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿದ್ದರು, ಶಾಲೆಗೂ ರಜೆ. ಬೆಳಿಗ್ಗೆ ಏಳುವ ಹೊತ್ತಿಗೆ ಕರೆಂಟು ಹೋಗಿತ್ತು, ಫೋನು ಸತ್ತಿತ್ತು, ಬಡಾವಣೆಯ ಬಾಯಿಗೆ ದೊಡ್ಡ ಮರವೊಂದು ಅಡ್ಡ ಬಿದ್ದಿತ್ತು. ಅಡುಗೆಮನೆಯಲ್ಲಿ ನಿಂತಾಗ ಏನೋ ಇಲ್ಲವೆನಿಸಿತು. ಗಾಳಿಯ ಅಬ್ಬರದ ನಡುವೆ ಅದೇನೆಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಗೋಡೆ ಸುಮ್ಮನಾಗಿತ್ತು.

ಓಡಿ ಹೋಗಿ ಬಾಗಿಲು ಬಡಿದೆ. ಒಳಗಿನಿಂದ ದನಿ ಬಂತು. “ನಾನು ಗ್ರ್ಯಾಂಡ್… ಪೆಟ್. ಈ ಗಾಳೀಲಿ… ನಿಂತ್ಕೋಬೇಡ. ಮನೆಗೆ… ಹೋಗು.”

ಎರಡು ಮಾತಿಗೊಮ್ಮೆ ಉಸಿರು ಕಡಿಯುತ್ತಿತ್ತು.

“ನೋರಾ, ಬಾಗಿಲು ತೆಗೀರಿ.”

“ಸುಮ್ನೆ… ಗಾಬರಿ ಆಗ್ಬೇಡ. ಹೋಗು.”

ಗಟ್ಟಿಯಾಗಿ ಗದರಿದರೆ ಆಕೆ ಇನ್ನೂ ಗಟ್ಟಿಯಾಗುವ ಪೈಕಿ. ನಾನು ಬಾಗಿ, ಬಾಗಿಲಿನ ಅಂಚೆಕಿಂಡಿಗೆ ಬಾಯಿಟ್ಟು ಕೂಗಿದೆ: “ನೋರಾ, ಚಳಿ ತಡೆಯೋಕಾಗ್ತಿಲ್ಲ. ಒಂದು ಕಪ್ ಟೀ ಸಿಗುತ್ತಾ?”

ಒಳಗೆ ಕುರ್ಚಿ ಸರಿದ ಸದ್ದಾಯಿತು. ಟೀ ಕೇಳಿದವರನ್ನು ಹೊಸ್ತಿಲಾಚೆ ನಿಲ್ಲಿಸುವ ಹೆಂಗಸು ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಗೋಡೆ ಹಿಡಿದು ಹಿಡಿದು ಬಂದು ಅವರು ಚಿಲಕ ತೆಗೆದರು. ತುಟಿ ನೀಲಿಯಾಗಿತ್ತು.

ಕರೆಂಟು ಹೋದಾಗ ಬೇಕಾಗುವ ಆಮ್ಲಜನಕದ ಸಿಲಿಂಡರು ಕುರ್ಚಿಯ ಪಕ್ಕದಲ್ಲೇ ಇತ್ತು. ಸಂಧಿವಾತದಿಂದ ಗಂಟುಗಟ್ಟಿದ್ದ ಅವರ ಬೆರಳುಗಳಿಗೆ ಅದರ ತಿರುಪು ಜಗ್ಗಿರಲಿಲ್ಲ. ನಾನು ತಿರುಗಿಸಿ ಕೊಳವೆಯನ್ನು ಮೂಗಿಗೆ ಸಿಕ್ಕಿಸಿ, ಅವರ ಕೈ ಹಿಡಿದು ಕುಳಿತೆ. ತುಟಿಗೆ ಬಣ್ಣ ಮರಳುವವರೆಗೆ ಬಿಡಲಿಲ್ಲ.

“ಗೋಡೆ ತಟ್ಟಿದ್ರೂ ಸಾಕಿತ್ತಲ್ಲ. ಯಾಕೆ ಕರೀಲಿಲ್ಲ?”

“ನಿನಗೆ ಇವತ್ತು ರಜಾ ಅಲ್ವಾ? ಮಲಗಿರ್ತೀಯ ಅಂದ್ಕೊಂಡೆ.”

ಸಿಲಿಂಡರಿನಲ್ಲಿದ್ದ ಆಮ್ಲಜನಕ ಸಂಜೆಯವರೆಗೆ ಸಾಲುವಂತಿರಲಿಲ್ಲ. ಆಸ್ಪತ್ರೆಗೆ ಹೋಗಲೇಬೇಕು, ಹೋಗಲು ದಾರಿಯಿಲ್ಲ. ಗಿರೀಶ ಎದುರು ಮನೆಯವರನ್ನು ಎಬ್ಬಿಸಿದ. ಅವರ ಬಳಿ ಮರ ಕೊಯ್ಯುವ ಯಂತ್ರವಿತ್ತು. ಗಾಳಿ ಸ್ವಲ್ಪ ಇಳಿದೊಡನೆ ಬಡಾವಣೆಯ ಗಂಡಸರೆಲ್ಲ ಮರದ ಮೇಲೆ ಬಿದ್ದರು. ನೋರಾರನ್ನು ನಮ್ಮ ಮುಂದಿನ ಕೋಣೆಗೆ ಕರೆತಂದು ಕಂಬಳಿ ಹೊದಿಸಿ ಕೂರಿಸಿದೆ. ಆಮ್ಲಜನಕದ ಹತ್ತಿರ ಬೆಂಕಿ ಸುಳಿಯಬಾರದಾದ್ದರಿಂದ ಒಲೆಯಿದ್ದ ಹಿತ್ತಲಿನ ಶೆಡ್ಡೇ ಅವತ್ತು ಅಡುಗೆಮನೆಯಾಯಿತು.

ಇಡೀ ಬಡಾವಣೆಯಲ್ಲಿ ಉರಿಯುತ್ತಿದ್ದದ್ದು ಅದೊಂದೇ ಒಲೆ. ಮಾತು ಹಬ್ಬಿತು. ಒಬ್ಬೊಬ್ಬರಾಗಿ ಬಂದರು, ಮಗುವಿನ ಹಾಲು ಬಿಸಿಮಾಡಿಕೊಳ್ಳಲು, ಫ್ಲಾಸ್ಕಿಗೆ ನೀರು ತುಂಬಿಸಿಕೊಳ್ಳಲು. ಎದುರಿಗೆ ಸಿಕ್ಕಾಗ ಹವೆಯ ಮಾತನ್ನಷ್ಟೇ ಆಡುತ್ತಿದ್ದವರು ನನ್ನ ಶೆಡ್ಡಿನಲ್ಲಿ ಒದ್ದೆ ಕೋಟು ತೊಟ್ಟು ಸಾಲಾಗಿ ನಿಂತರು. ದೊಡ್ಡ ಪಾತ್ರೆಯಲ್ಲಿ ಸಾರು ಕಾಯಿಸಿ ಮುದ್ದೆ ತಿರುವಿದೆ. ಅಗಿಯಬಾರದು, ಹಾಗೇ ನುಂಗಬೇಕು ಎಂದು ನಿಧಿ ಲಿಮೆರಿಕ್‌ನ ರಾಗದ ಇಂಗ್ಲಿಷಿನಲ್ಲಿ ಎಲ್ಲರಿಗೂ ಪಾಠ ಮಾಡಿದಳು. ಮರ ಕೊಯ್ದು ಬಂದ ಗಂಡಸರು ಮರುಮಾತಿಲ್ಲದೆ ನುಂಗಿದರು. ನೋರಾ ಒಂದು ತುತ್ತು ತಿಂದು ಯೋಚಿಸಿದರು. “ಇದು ಹೊಟ್ಟೇಲಿ ಶುಕ್ರವಾರದವರೆಗೂ ಇರುತ್ತೆ” ಎಂದರು. ಅವತ್ತು ಸೋಮವಾರ.

ಮಧ್ಯಾಹ್ನ ದಾರಿ ತೆರೆಯಿತು. ದಾರಿಗೆ ಬಿದ್ದಿದ್ದ ಕೊಂಬೆ, ತಂತಿಗಳನ್ನು ತಪ್ಪಿಸಿಕೊಂಡು ಕಾರು ಓಡಿಸಿ ನೋರಾರನ್ನು ಆಸ್ಪತ್ರೆಗೆ ಸೇರಿಸಿದೆ. ಕರೆಂಟು ಮರಳಿದ ಮೇಲೆ ಅವರೂ ಮನೆಗೆ ಬಂದರು. ಸಿಲಿಂಡರಿನ ತಿರುಪನ್ನು ಕೈಬಲವಿದ್ದ ಯಾರು ಬೇಕಾದರೂ ತಿರುಗಿಸಬಹುದಿತ್ತು. ಅದಕ್ಕೆ ವೈದ್ಯಳೇ ಆಗಬೇಕಿಲ್ಲ. ಆದರೆ ಮುಚ್ಚಿದ ಬಾಗಿಲಿನ ಆಚೆಯ ಒಂದು ಪದ ಏನು ಹೇಳುತ್ತಿದೆ, ಏನನ್ನು ಮುಚ್ಚಿಡುತ್ತಿದೆ ಎಂಬುದು ನನಗೆ ತಿಳಿಯಿತಲ್ಲ! ಚಿತ್ರದುರ್ಗದಲ್ಲಿ ವೈದ್ಯಕೀಯ ಓದಿಗೆ ಚಿನ್ನದ ಪದಕ ಕೊರಳಿಗೆ ಬಿದ್ದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಈಗ ಬಡಾವಣೆಯಲ್ಲಿ ನಾನು “ಅವರ್ ಶೈಲಾ”. ಇಲ್ಲಿಯವರು ತಮ್ಮವರೆಂದುಕೊಂಡವರ ಹೆಸರಿನ ಮುಂದೆ “ಅವರ್” ಎಂದರೆ “ನಮ್ಮ” ಸೇರಿಸುತ್ತಾರೆ. ನಮ್ಮ ಶೈಲಾ! ಊರಿಗೆ ಹೋದಾಗಲೋ, ನಮ್ಮ ಬೀದಿಯವರು “ಯಾವಾಗ ಬಂದ್ರಿ?” ಎಂದು ಕೇಳಿ ಮುಗಿಸುವ ಮೊದಲೇ “ಯಾವಾಗ ವಾಪಸ್?” ಎನ್ನುತ್ತಾರೆ.

ಕಳೆದ ಬೇಸಿಗೆಯಲ್ಲಿ ನಿಧಿ ಕಮೋಗಿ ತಂಡ ಸೇರಿದಳು. ಮರದ ಕೋಲಿನಿಂದ ಪುಟ್ಟ ಚೆಂಡನ್ನು ಹೊಡೆಯುವ, ಇಲ್ಲಿನ ಹೆಣ್ಣುಮಕ್ಕಳ ಆಟ. ಹಸಿರು ಅಂಗಿ ತೊಟ್ಟು ಮೈದಾನದ ತುಂಬ ಇಂಗ್ಲಿಷಿನಲ್ಲಿ ಅರಚುತ್ತ ಓಡುತ್ತಿದ್ದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ನಾನೂ ನೋರಾರೂ ಅಂಚಿನಲ್ಲಿ ಕುಳಿತಿದ್ದೆವು. ಎದುರಾಳಿಯ ಕೋಲು ಮೊಣಕಾಲಿಗೆ ಬಿತ್ತು. ನಿಧಿ ಹುಲ್ಲಿನ ಮೇಲೆ ಉರುಳಿ ಕೂಗಿದಳು.

“ಅಯ್ಯೋ ಅಮ್ಮಾ!”

ನಾನು ಎದ್ದು ನಿಂತು ಕೂಗಿದೆ. ಬಾಯಿಂದ ಬಂದದ್ದು ಅಪ್ಪಟ ಲಿಮೆರಿಕ್ ಇಂಗ್ಲಿಷು: “ಅಪ್ ಯು ಗೆಟ್, ಗುಡ್ ಗರ್ಲ್!”

ಅವಳು ಎದ್ದಳು, ಕುಂಟುತ್ತ ಓಡಿದಳು. ಸುತ್ತಲಿನ ತಾಯಂದಿರು ಚಪ್ಪಾಳೆ ತಟ್ಟಿದರು. ನೋರಾ ನನ್ನ ತೋಳು ಹಿಡಿದು, “ಏನಂದಳು ಅವಳು?” ಎಂದು ಕೇಳಿದರು.

“ನನ್ನನ್ನು ಕರೆದಳು” ಎಂದೆ. ಕರೆದ ಭಾಷೆಯಲ್ಲಿ ನಾನು ಓಗೊಡಲಿಲ್ಲ ಎಂಬುದನ್ನು ಹೇಳಲಿಲ್ಲ. ಆಟ ಮುಗಿಯುವವರೆಗೂ ನಾನು ಕೂರಲಿಲ್ಲ.