ಮಹಾವೀರನ ಎದೆಯಿಂದ ನಿರ್ಗಮಿಸಿದ ಶ್ರೀಮಾನ್ ಥೈಮಸ್ ಅವರಿಗೆ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಪ್ರಾಂತಗಳ ಸಮಸ್ತ ಬಂಧುಬಾಂಧವರೇ,
ಓದಿಯೂ ಲೈಕ್ ಒತ್ತದ ಮಹನೀಯರೇ...

ನಂಬಲಾಗುತ್ತಿಲ್ಲ.
ನಿನ್ನೆಯವರೆಗೂ ನಮ್ಮ ಮಹಾವೀರನ ಎದೆಮೂಳೆಯ ಹಿಂದೆ ಕೂತಿದ್ದ ಥೈಮಸ್ ಗ್ರಂಥಿ ಇನ್ನಿಲ್ಲ...
ಇಂದು ಬೆಳಿಗ್ಗೆ ಕೊಲ್ಹಾಪುರದಲ್ಲಿ ಆಪರೇಷನ್ ಆಯಿತು.
ಗಾಬರಿಯಾಗಬೇಡಿ. ಹೋದದ್ದು ಗ್ರಂಥಿ ಮಾತ್ರ. ಮಹಾವೀರ ಐಸಿಯುನಲ್ಲಿದ್ದಾನೆ.

ಅವನಿಗೆ ಮಯಸ್ತೇನಿಯಾ ಗ್ರೇವಿಸ್. ಸ್ನಾಯುಗಳು ಬೇಗ ಸೋತುಹೋಗುವ ಕಾಯಿಲೆ.
ಸಂಜೆಯಾದರೆ ರೆಪ್ಪೆ ಜೋತುಬೀಳುತ್ತಿತ್ತು...
"ಏನಲೇ, ಮಗ್ಗದ ಮುಂದ ನಿಂತಕೊಂಡ ನಿದ್ದಿ ಮಾಡ್ತಿ?" ಎಂದು ಶೆಡ್ಡಿನಲ್ಲಿ ನಾವೆಲ್ಲ ಕಾಡಿದ್ದೇ ಕಾಡಿದ್ದು.

ಓ ಥೈಮಸ್ಸೇ...
ಮನುಷ್ಯ ಬೆಳೆದಂತೆ ನೀನು ಕರಗಬೇಕಂತೆ. ಕರಗಲಿಲ್ಲವೇಕೆ?
ದೇಹದ ಕಾವಲುಗಾರರಿಗೆ ಪಾಠ ಹೇಳುವ ಮಾಸ್ತರ ನೀನಂತೆ.
ಮನೆಯವರ ಮೇಲೆಯೇ ಕೈ ಮಾಡುವುದನ್ನು ಯಾವ ಕ್ಲಾಸಿನಲ್ಲಿ ಕಲಿಸಿದೆ?

ನೀನು ಹೋದ ಮೇಲೆ ಇವನ ಉಸಿರು ನಿಲ್ಲುತ್ತದೋ ನಡೆಯುತ್ತದೋ... ಡಾಕ್ಟರ್ ಮ್ಯಾಡಂ ಚಿಂತೆ ಅದೇ ಆಗಿತ್ತು.
ಕೆಲವರಿಗೆ ಆಪರೇಷನ್ ನಂತರ ಉಸಿರಿನ ಸ್ನಾಯುಗಳೇ ಕೈಕೊಡುತ್ತವಂತೆ.
ಯಾರಿಗೆ ಹಾಗಾದೀತು? ಮೊದಲೇ ಊಹಿಸುವುದು ಹೇಗೆ?
ನುಂಗಲು ಬರುತ್ತದೆಯೇ, ಹಿಂದೆ ಉಸಿರು ಕಟ್ಟಿತ್ತೇ, ಗುಳಿಗೆ ಎಷ್ಟು ಎಂದೆಲ್ಲ ಕೇಳಿದರು. ಉಸಿರಿನ ಬಲ ಅಳೆಯುವ ಮಷಿನ್ ಊದಿಸಿದರು.
"ಮನೆಯಲ್ಲಿ ದಿನಾ ಒಂದೇ ಉಸಿರಿನಲ್ಲಿ ಎಣಿಸಿ, ಎಲ್ಲಿಗೆ ನಿಂತಿತೆಂದು ವಾಟ್ಸಾಪ್ ಮಾಡಿ" ಎಂದರು.

ಗಡಹಿಂಗ್ಲಜದ ಮನೆಯಲ್ಲಿ ತನ್ನ ಅವ್ವನ ಮುಂದೆ ಎಣಿಸಿದ. ಬೇಗ ನಿಂತ.
ಇಚಲಕರಂಜಿಯ ನಮ್ಮ ರೂಮಿಗೆ ಬಂದದ್ದೇ ತಡ, ಲೆಕ್ಕ ಸರ್ರನೆ ಏರಿತು!
ಮ್ಯಾಡಂ ಖುಷಿ. ಆಪರೇಷನ್ನಿಗೆ ದಿನ ಗೊತ್ತಾಯಿತು.

ನನಗೊಂದು ಅನುಮಾನ... ಇಷ್ಟು ಸುಧಾರಿಸಿದವನಿಗೆ ಇನ್ನೂ ಭಾಕರಿ, ಅಂದರೆ ಜೋಳದ ರೊಟ್ಟಿ, ಅಗಿಯಲು ಯಾಕೆ ಆಗುತ್ತಿಲ್ಲ?
ನಾನೇ ಎಣಿಸಿ ನೋಡಿದೆ. ಆಗ ತಿಳಿಯಿತು.
ಅವ್ವನ ಮುಂದೆ ಅವನು ಎಣಿಸಿದ್ದು ಕನ್ನಡದಲ್ಲಿ. ನಮ್ಮ ಮುಂದೆ, ಶೆಡ್ಡಿನ ರೂಢಿಯಂತೆ, ಮರಾಠಿಯಲ್ಲಿ.
ನಾವು 'ಇಪ್ಪತ್ತೊಂದು' ಎನ್ನುವಷ್ಟರಲ್ಲಿ ಮರಾಠಿಯವರು 'ಏಕವೀಸ, ಬಾವೀಸ' ದಾಟಿರುತ್ತಾರೆ!

"ಮಹ್ಯಾ, ಕನ್ನಡದಾಗ ಎಣಸಲೇ."
"ಉಸರಿಗೂ ಗಡಿವಾದ ಹಚ್ಚತಿಯೇನಲೇ?"
"ಎಣಸ ಮೊದಲ."
ಎಣಿಸಿದ... ಅವ್ವನ ಮುಂದೆ ನಿಂತಲ್ಲಿಗೇ ನಿಂತ. ಒಂದಿಷ್ಟೂ ಸುಧಾರಿಸಿರಲಿಲ್ಲ.

ಇದನ್ನು ಫೋನಿನಲ್ಲಿ ಹೇಳಿದಾಗ ಮ್ಯಾಡಂ ಮೊದಲು ನಕ್ಕರು. ಆಮೇಲೆ ನಗಲಿಲ್ಲ.
ಕರೆಸಿ ಮತ್ತೆ ಮಷಿನ್ ಊದಿಸಿದರು. ಆಪರೇಷನ್ ಮುಂದೂಡಿದರು. ಮೊದಲು ರಕ್ತ ಶುದ್ಧಿಯ ಚಿಕಿತ್ಸೆ, ಉಸಿರು ಗಟ್ಟಿಯಾದ ಮೇಲೆ ಚಾಕು.

ಈಗಷ್ಟೇ ಬಂದ ಸುದ್ದಿ... ಗಂಟಲಿಗೆ ಹಾಕಿದ್ದ ಉಸಿರಿನ ನಳಿಗೆ ತೆಗೆದಿದ್ದಾರೆ. ಮಹಾವೀರ ತಾನೇ ಉಸಿರಾಡುತ್ತಿದ್ದಾನೆ!
"ಅಂದಾಜು ಅಂದಾಜೇ. ಇನ್ನೂ ಕೆಲವು ದಿನ ಕಣ್ಣಿಡಬೇಕು" ಎಂದಿದ್ದಾರೆ ಮ್ಯಾಡಂ.
ನನ್ನನ್ನು ಕಂಡು ಅವನಾಡಿದ ಮೊದಲ ಮಾತು, "ಫೇಸ್‌ಬುಕ್ಕಿನಾಗ ಹಾಕಬ್ಯಾಡಲೇ."

ಹೋಗಿ ಬಾ ಎನ್ನಲಾರೆ, ಥೈಮಸ್ಸೇ. ಹೋಗು, ಅಷ್ಟೇ.
ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ, ಅವನ ಉಸಿರಿಗೂ ಸಿಗಲಿ.

ಒಂದು ಮಾತು ಒಪ್ಪಿಕೊಳ್ಳಬೇಕು...
ಗ್ರಂಥಿಯ ಡಬ್ಬಿಯನ್ನು ಲ್ಯಾಬಿಗೆ ಮುಟ್ಟಿಸಲು ನನ್ನ ಕೈಗೇ ಕೊಟ್ಟಿದ್ದರು. ಆಗಿನ್ನೂ ಅವನ ನಳಿಗೆ ತೆಗೆದಿರಲಿಲ್ಲ.
ರಿಕ್ಷಾದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದೆ.
ರಿಕ್ಷಾದವನು "ಕಾಯ ಝಾಲಂ, ಭಾವಾ?" ಎಂದ.
ಏನಾಯಿತೆಂದು ಅವನು ಕೇಳಿದ್ದಕ್ಕೆ ಡಬ್ಬಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.
ಒಂದೇ ಒಂದು ಜೋಕೂ ಹೊಳೆಯಲಿಲ್ಲ.