ಘಣಸೋಲಿಯಲ್ಲಿ ಇಳಿಯುವವಳ ಸೀಟು

ಮುಂಬಯಿಯ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಸೀಟನ್ನು ಬಾಯಿಮಾತಿನಲ್ಲೇ ಕಾದಿರಿಸಿಕೊಳ್ಳಬೇಕು. ಕುಳಿತವಳ ಎದುರು ನಿಂತು "ಕಹಾಂ ಉತರೇಂಗಿ?", ಅಂದರೆ ಎಲ್ಲಿ ಇಳಿಯುತ್ತೀರಿ, ಎಂದು ಕೇಳಬೇಕು. ಅವಳು ಸ್ಟೇಷನ್ನಿನ ಹೆಸರು ಹೇಳುತ್ತಾಳೆ. "ಮುಝೆ ದೇನಾ", ನನಗೇ ಕೊಡಿ, ಎನ್ನಬೇಕು. ಅವಳು ತಲೆಯಾಡಿಸಿದಳೋ, ಆ ಸ್ಟೇಷನ್ನಿನಿಂದ ಮುಂದಕ್ಕೆ ಸೀಟು ನಿಮ್ಮದು. ಡೊಂಬಿವಲಿಯಿಂದ ಮೂವತ್ತು ವರ್ಷ ಆಫೀಸಿಗೆ ಓಡಾಡಿದವಳು ನಾನು. ಎಷ್ಟೋ ಹೆಂಗಸರ ಬಾಣಂತನದ ಕತೆ, ಅತ್ತೆಯ ಕತೆ, ಮೀನಿನ ಸಾರಿನ ಕತೆ ಕೇಳಿದ್ದೆಲ್ಲ ಹೀಗೆ ಸೀಟು ಕೇಳಿಯೇ.

ನಿವೃತ್ತಳಾದ ಮರುವರ್ಷ ಒಂದು ಭಾನುವಾರ ಇದನ್ನೇ ಹೇಳುತ್ತ ಕುಳಿತಿದ್ದೆ. ಎದುರಿಗೆ ಠಾಕುರ್ಲಿಯಿಂದ ಬಂದಿದ್ದ ನನ್ನ ತಂಗಿಯ ಮಗಳು, ವಾಶಿಯ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಓದುತ್ತಿರುವವಳು.

"ಕೊಟ್ಟ ಮಾತಿಗೆ ಯಾರೂ ತಪ್ಪುವುದಿಲ್ಲ ಮಾರಾಯ್ತಿ. ಸೀಟು ಕೊಡ್ತೇನೆ ಅಂದವಳು ಕೊಟ್ಟೇ ಕೊಡ್ತಾಳೆ," ಎಂದೆ.

"ದೊಡ್ಡಮ್ಮ, ನೀವು ಎಣಿಸಿದ್ದೀರಾ?"

"ಎಣಿಸ್ಲಿಕ್ಕೆ ಎಂತ ಉಂಟು? ಮೂವತ್ತು ವರ್ಷ ನೋಡಿದ್ದೇನೆ."

"ಅದು ಎಕ್ಸ್‌ಪೀರಿಯನ್ಸ್. ಡೇಟಾ ಅಲ್ಲ. ನೀವು ಎದುರಿಗೇ ನಿಂತಿರ್ತೀರಿ ನಾ, ನಾಚಿಕೆಗೆ ಕೊಡ್ತಾರೆ. ನೀವು ಬೆನ್ನು ಹಾಕಿ ದೂರ ನಿಂತ್ರೆ ಕೊಡ್ತಾರಾ?"

ಹುಡುಗಿ ಕುಳಿತಲ್ಲಿಂದ ಎದ್ದೇಬಿಟ್ಟಳು. "ಅರೇ, ದೊಡ್ಡಮ್ಮ! ಇದೇ ನನ್ನ ಪ್ರಾಜೆಕ್ಟ್!"

ಅವಳ ಮೇಡಂ ಒಪ್ಪಿದರು, ಆದರೆ ಕಟ್ಟುನಿಟ್ಟು ಬಹಳ. ನಲವತ್ತು ಸಲ ಆಗಬೇಕು. ಯಾರ ಹೆಸರನ್ನೂ ಕೇಳಬಾರದು, ಫೋಟೊ ತೆಗೆಯಬಾರದು. ಕೇಳುವವಳು ಪ್ರತಿ ಸಲವೂ ಅದೇ ಒಬ್ಬಳಾಗಿರಬೇಕು, ಕೇಳುವ ಮಾತೂ ಒಂದೇ. ಹುಡುಗಿ ದೂರ ಕುಳಿತು ಬರೆದುಕೊಳ್ಳಬೇಕಾದ್ದರಿಂದ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಠಾಣೆಯಿಂದ ವಾಶಿಗೆ ಹೋಗುವ ಗಾಡಿಯಲ್ಲಿ ಅರ್ಧ ಡಬ್ಬ ಘಣಸೋಲಿಯಲ್ಲೇ ಇಳಿಯುತ್ತದೆ. ಹಾಗಾಗಿ ಅಲ್ಲಿ ಇಳಿಯುವವಳನ್ನೇ ಕೇಳುವುದೆಂದಾಯಿತು. ಹತ್ತುವ ಮೊದಲು ಪ್ಲಾಟ್‌ಫಾರ್ಮಿನಲ್ಲಿ ನಾಣ್ಯ ಚಿಮ್ಮುವುದು. ರಾಜಮುದ್ರೆ ಬಿದ್ದರೆ ನಾನು ಸೀಟಿನ ಎದುರಿಗೇ ನಿಲ್ಲಬೇಕು. ಇನ್ನೊಂದು ಮಗ್ಗುಲು ಬಿದ್ದರೆ, ಕೇಳಿದ ಮೇಲೆ ಬಾಗಿಲ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಲ್ಲಬೇಕು. ಘಣಸೋಲಿಯಿಂದ ಗಾಡಿ ಹೊರಡುವವರೆಗೆ, ಯಾರಾದರೂ ಕರೆದ ಹೊರತು, ತಿರುಗುವಂತಿಲ್ಲ.

ಮಕ್ಕಳಾಟ ಅಂದುಕೊಂಡಿದ್ದೆ. ಮೊದಲ ದಿನವೇ ಬೆವರಿಳಿಯಿತು. "ಕಹಾಂ ಉತರೇಂಗಿ? ಮುಝೆ ದೇನಾ." ಇಷ್ಟೇ ಹೇಳಿ ಬಾಯಿ ಮುಚ್ಚಬೇಕಂತೆ! ನಗಬಾರದಂತೆ! ಆ ಹೆಂಗಸಿನ ತೊಡೆಯ ಮೇಲೆ ಹಲಸಿನಕಾಯಿಯ ಚೀಲ. ಹಲಸಿನಕಾಯಿ ಎಲ್ಲಿ ಸಿಕ್ಕಿತು ಎಂದು ಕೇಳದೆ ಇರಲು ನನ್ನಿಂದ ಹೇಗಾದೀತು? ಕೇಳಿಯೇಬಿಟ್ಟೆ. ಪಲ್ಯದವರೆಗೆ ಮಾತು ಹೋಯಿತು.

ವಾಶಿಯಲ್ಲಿ ಇಳಿದ ಕೂಡಲೇ ಹುಡುಗಿ ತಾನು ಬರೆದುಕೊಂಡ ಹಾಳೆಯನ್ನು ಹರಿದಳು. "ದೊಡ್ಡಮ್ಮ, ನೀವು ಎಕ್ಸ್‌ಪೆರಿಮೆಂಟ್ ಮಾಡ್ತಿದ್ದೀರಾ, ಸಂಬಂಧ ಕುದುರಿಸ್ತಿದ್ದೀರಾ?"

ಆಮೇಲೆ ನಾಲಗೆ ಹಿಡಿದೆ. ಹೋಗುವಾಗ ಒಂದು, ಕೆಲವು ದಿನ ಇನ್ನೊಮ್ಮೆ ಠಾಣೆಗೆ ಬಂದು ಮತ್ತೊಂದು. ಹೀಗೆ ಇಪ್ಪತ್ತೆರಡು ಹಾಳೆ ತುಂಬಿದವು. ಬೆನ್ನು ಹಾಕಿ ನಿಂತಾಗಲೂ ಸೀಟು ಸಿಗುತ್ತಲೇ ಹೋಯಿತು. ನನಗೆ ನೆಲದ ಮೇಲೆ ಕಾಲಿರಲಿಲ್ಲ. ನೋಡಿದೆಯಾ, ನಾನು ಹೇಳಲಿಲ್ಲವಾ ಎಂದು ದಿನವೂ ಅವಳನ್ನು ಕುಟುಕುತ್ತಿದ್ದೆ.

ಒಂದು ಸಂಜೆ ಹುಡುಗಿ ನೇರ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ದೊಡ್ಡಮ್ಮ, ಇಷ್ಟು ಜನರಲ್ಲಿ ಯಾರನ್ನು ಕೇಳಬೇಕು ಅಂತ ಡಿಸೈಡ್ ಮಾಡಿದ್ದು ಯಾರು?"

"ನಾನೇ. ಮತ್ತೆ ಯಾರು? ಮುಖ ನೋಡಿದ್ರೆ ಗೊತ್ತಾಗುದಿಲ್ವಾ ಒಳ್ಳೆಯವರು ಯಾರು ಅಂತ!"

ಅವಳು ಹೊಸ್ತಿಲಲ್ಲೇ ಕುಳಿತಳು. ಮೇಡಂ ಹಾಳೆಗಳನ್ನು ನೋಡಿ ಕೇಳಿದ ಒಂದೇ ಪ್ರಶ್ನೆ ಅದಂತೆ. ನಾನು ಕೇಳಿದವರೆಲ್ಲ ನನ್ನ ಪ್ರಾಯದವರು, ಮುಡಿಯಲ್ಲಿ ಹೂವಿದ್ದವರು, ಮಡಿಲಲ್ಲಿ ಬುತ್ತಿಯ ಚೀಲ ಇದ್ದವರು. ಕಿವಿಗೆ ಹೆಡ್‌ಫೋನ್ ಹಾಕಿದ ಒಬ್ಬಳನ್ನೂ ನಾನು ಕೇಳಿರಲಿಲ್ಲ. ಮುಖ ನೋಡಿ ಮಣೆ ಹಾಕಬಾರದೆಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಮುಖ ನೋಡಿ ಮಣೆ ಕೇಳಿದ್ದೆ.

"ಇಪ್ಪತ್ತೆರಡೂ ಕ್ಯಾನ್ಸಲ್," ಎಂದಳು. "ಮೂರು ವಾರ ಇದೆ. ನಲವತ್ತು ಆಗದಿದ್ರೆ ಬೇರೆ ವಿಷಯ ತಗೊಂಡು ಮುಂದಿನ ವರ್ಷ ಕೊಡಬೇಕು."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಒಂದು ವರ್ಷ! ಅದೂ ನನ್ನ ಒಳ್ಳೆಯತನದ ಜಂಬದಿಂದ. ಚಹಾಕ್ಕಿಟ್ಟು, ಹಳೆಯ ಕ್ಯಾಲೆಂಡರ್ ಕತ್ತರಿಸಿ ಚೀಟಿ ಮಾಡಲು ಕುಳಿತೆ. ಬಾಗಿಲಿನಿಂದ ಎಷ್ಟನೆಯ ಸೀಟು ಎಂದು ಒಂದೊಂದರಲ್ಲಿ ಒಂದೊಂದು ಅಂಕಿ. ಇನ್ನು ಮೇಲೆ ಚೀಟಿ ಹೇಳಿದವಳನ್ನು ಕೇಳುವುದು. ಅವಳು ಘಣಸೋಲಿಯವಳಲ್ಲದಿದ್ದರೆ ಪಕ್ಕದವಳು. ನನ್ನ ಕಣ್ಣಿಗೆ ಕೆಲಸವೇ ಇಲ್ಲ.

ಮರುದಿನದಿಂದ ದಿನಕ್ಕೆ ಎರಡು, ಕೆಲವೊಮ್ಮೆ ಮೂರು. ಮೊಣಕಾಲು ನೋಯುತ್ತಿತ್ತು, ಆದರೂ ಬೆಳಗಾದರೆ ಹೊಸ ಹುರುಪು. ಮೂರನೆಯ ದಿನ ಚೀಟಿ ಕಳಿಸಿದ್ದು ಉದ್ದ ಉಗುರಿನ, ಕಪ್ಪು ಕನ್ನಡಕದ ಹುಡುಗಿಯ ಹತ್ತಿರ. ಫೋನಿನಿಂದ ತಲೆ ಎತ್ತದೆ "ಘಣಸೋಲಿ" ಎಂದಳು. ನಾಣ್ಯದ ಪ್ರಕಾರ ಬೆನ್ನು ಹಾಕಬೇಕಿತ್ತು. ಇದು ಹೋಯಿತು ಎಂದುಕೊಂಡೇ ಬಾಗಿಲಿಗೆ ಹೋದೆ. ಘಣಸೋಲಿಯಲ್ಲಿ ಯಾರೋ ಸೆರಗು ಜಗ್ಗಿದರು. "ಆಂಟಿ, ಜಲ್ದಿ! ಕಬ್ ಸೆ ಚಿಲ್ಲಾ ರಹೀ ಹೂಂ!" ಅದೇ ಹುಡುಗಿ, ಆಗಿನಿಂದ ಕೂಗುತ್ತಿದ್ದಳಂತೆ. ಸೀಟಿನ ಮೇಲೆ ತನ್ನ ಚೀಲ ಇಟ್ಟು, ಸುತ್ತಲಿನವರನ್ನೆಲ್ಲ ಗದರಿಸಿ, ನನ್ನನ್ನು ಕೂರಿಸಿ, ಗಾಡಿ ಹೊರಡುವಾಗ ಹಾರಿ ಇಳಿದಳು! ಥ್ಯಾಂಕ್ಸ್ ಹೇಳಲೂ ಸಮಯ ಸಿಗಲಿಲ್ಲ.

ಅದರ ಮರುದಿನವೇ, ಫೋನಿನಲ್ಲಿ ಚೆಂದವಾಗಿ ತುಳು ಮಾತಾಡುತ್ತಿದ್ದ ನಮ್ಮ ಕಡೆಯವಳೊಬ್ಬಳು ನನಗೆ ತಲೆಯಾಡಿಸಿ, ಕೊನೆಗೆ ತನ್ನ ಗೆಳತಿಯನ್ನು ಕರೆದು ಕೂರಿಸಿದಳು. ನಾನು ಎದುರಿಗೇ ನಿಂತಿದ್ದೆ! ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಮೂವತ್ತು ವರ್ಷ ನಾನು ನೋಡಿದ್ದು ನನ್ನನ್ನು ನೋಡಿ ನಗುವ ಮುಖಗಳನ್ನು ಮಾತ್ರವೇ? ಉಳಿದ ಡಬ್ಬವನ್ನು ಈಗಷ್ಟೇ ಹತ್ತಿದ ಹಾಗಿತ್ತು.

ಕೊನೆಯ ದಿನ ಬಂದಾಗ ಮೂವತ್ತೊಂಬತ್ತು ಆಗಿದ್ದವು. ಸಂಜೆ ಐದಕ್ಕೆ ಹಾಳೆಗಳು ಮೇಡಂ ಕೈಯಲ್ಲಿರಬೇಕು. ನಾಣ್ಯ ಬೆನ್ನು ಹಾಕು ಎಂದಿತು. ಚೀಟಿ ತೋರಿಸಿದ್ದು ಯಾರನ್ನು ಗೊತ್ತೇ? ನೂಲಿನ ಸೀರೆ, ಮುಡಿಗೆ ಅಬ್ಬಲಿಗೆ ಹೂವು, ಮಡಿಲಲ್ಲಿ ಸ್ಟೀಲಿನ ಬುತ್ತಿ. ನಾನು ಮೊದಲು ಹುಡುಕಿ ಹುಡುಕಿ ಕೇಳುತ್ತಿದ್ದಂಥ ಅಮ್ಮ. ಕೇಳಿದೆ. ಒಪ್ಪಿದಳು. ಬಾಗಿಲ ಕಂಬ ಹಿಡಿದು ಹೊರಗೆ ಮುಖ ಮಾಡಿ ನಿಂತೆ.

ಐರೋಲಿ ಹೋಯಿತು. ರಬಾಳೆ ಹೋಯಿತು. ಕುತ್ತಿಗೆ ತಾನಾಗಿ ತಿರುಗಲು ನೋಡುತ್ತಿತ್ತು. ಒಂದು ಸಲ ತಿರುಗಿ ನಕ್ಕರೆ ಸಾಕು, ಸೀಟು ನನ್ನದೇ. ಆದರೆ ಆ ನಗುವಿಗೆ ಹುಡುಗಿಯ ಒಂದು ವರ್ಷ ಹೋಗುತ್ತಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಘಣಸೋಲಿ ಬಂತು. ನೂಲಿನ ಸೀರೆಯೊಂದು ನನ್ನ ಭುಜ ಸವರಿಕೊಂಡು ಇಳಿದುಹೋಯಿತು. ಯಾರೂ ಕರೆಯಲಿಲ್ಲ. ಗಾಡಿ ಹೊರಟಿತು.

ತಿರುಗಿದೆ. ನನ್ನ ಸೀಟಿನಲ್ಲಿ ಬೇರೆ ಯಾರೋ ಆರಾಮವಾಗಿ ಕುಳಿತು ಕಡಲೆ ತಿನ್ನುತ್ತಿದ್ದಳು. ಅತ್ತ ಹುಡುಗಿ ಹಾಳೆಯಲ್ಲಿ ಏನೋ ಬರೆದು, ಪೆನ್ನು ಮುಚ್ಚಿ, ಜನರನ್ನು ತಳ್ಳಿಕೊಂಡು ಬಂದು ನನ್ನನ್ನು ತಬ್ಬಿದಳು.

"ಕೊಡಲಿಲ್ಲ, ದೊಡ್ಡಮ್ಮ! ನಲವತ್ತು ಆಯ್ತು!"

"ಕೊಡ್ಲಿಲ್ಲ ಅಂತ ಬರೆದೆ ತಾನೇ?"

"ದಪ್ಪ ಅಕ್ಷರದಲ್ಲಿ!"

ಕಡಲೆ ತಿನ್ನುತ್ತಿದ್ದವಳು ನಮ್ಮಿಬ್ಬರನ್ನೂ ನೋಡಿ ಗಾಬರಿಯಿಂದ "ಬೈಠನಾ ಹೈ ಕ್ಯಾ, ಆಂಟಿ?" ಎಂದಳು. ಕೂರುವುದೇನೂ ಬೇಡ ಎಂದು ಕೈಯಾಡಿಸಿದೆ. ಇನ್ನು ಬಾಯಿ ಬಿಡಲು ಅಡ್ಡಿಯಿರಲಿಲ್ಲ. ಕಡಲೆ ಎಲ್ಲಿ ತೆಗೆದುಕೊಂಡಳೆಂದು ಕೇಳಿದೆ. ವಾಶಿ ಬರುವವರೆಗೂ ನಿಂತೇ ಇದ್ದೆ, ನಿಂತೇ ಮಾತಾಡಿದೆ.